ಶ್ರಾವಣದಲ್ಲಿ ಬಿಟ್ಟ ಮೀನುಗಳು

ಚೆಲುವರಾಜು ದೇವರ ಜೊತೆ ವ್ಯಾಪಾರಕ್ಕಿಳಿದದ್ದು ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಹೆಂಡತಿ ನಳಿನಾಕ್ಷಿಯ ಮೂರನೆಯ ಕೀಮೋ ಮುಗಿದ ವಾರ. ಅಲ್ಲಿಯವರೆಗೆ ಅವರು ಕೈ ಮುಗಿಯುತ್ತಿದ್ದರೇ ಹೊರತು ದೇವರನ್ನು ಏನೂ ಕೇಳಿದವರಲ್ಲ. ಕೇಳಿ ಅಭ್ಯಾಸವಿಲ್ಲದವರು ಕೇಳಲು ಹೋದರೆ ಎಡವಟ್ಟಾಗುವುದು ಹೀಗೆಯೇ.

ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಹುಟ್ಟಿದ ಮನುಷ್ಯ. ಈಜು ಬರುವ ಮುಂಚೆಯೇ ಗಾಳ ಹಾಕುವುದು ಬಂದಿತ್ತು. ಅಮೆರಿಕದ ಮಾನ್ಮತ್ ಜಂಕ್ಷನ್ ಎಂಬ ಊರಿಗೆ ಬಂದು ಇಪ್ಪತ್ತಮೂರು ವರ್ಷವಾದರೂ ಆ ಹುಚ್ಚು ಬಿಟ್ಟಿರಲಿಲ್ಲ. ವಾರವೆಲ್ಲ ಔಷಧ ಕಂಪನಿಯೊಂದರ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಥರ್ಮಾಮೀಟರ್ ಎರಡು ಡಿಗ್ರಿ ಏರಿದ್ದರೆ ಇಡೀ ಬ್ಯಾಚನ್ನು ಮುಲಾಜಿಲ್ಲದೆ ಎಸೆಸುತ್ತಿದ್ದರು. ರಜೆಯ ದಿನ ಬೆಳಕು ಹರಿಯುವ ಹೊತ್ತಿಗೆ ಸ್ಯಾಂಡಿ ಹುಕ್ಕಿನ ಮರಳ ದಂಡೆ, ಕೊಲ್ಲಿಯ ಕಡೆ. ಅಲ್ಲಿ ಸಿಗುವುದು ಸ್ಟ್ರೈಪರ್, ಬೆಳ್ಳಿ ಮೈಯುದ್ದಕ್ಕೂ ಏಳೆಂಟು ಕಪ್ಪು ಪಟ್ಟೆಯಿರುವ ಮೀನು. ಕಾನೂನಿನ ಅಳತೆಗೆ ಸರಿಹೋದದ್ದು ವರ್ಷಕ್ಕೆ ಎರಡೋ ಮೂರೋ ಸಿಕ್ಕರೆ ನಳಿನಾಕ್ಷಿ ಹುಣಸೆಹಣ್ಣು ಕಿವುಚಿ ಸಾರು ಮಾಡುತ್ತಿದ್ದರು.

ಶ್ರಾವಣ ಬಂತೆಂದರೆ ಅವರ ಮನೆಯಲ್ಲಿ ಮೀನು, ಮಾಂಸ ಬಂದ್. ಗಾಳವೂ ಗ್ಯಾರೇಜಿನ ಮೂಲೆ ಸೇರುತ್ತಿತ್ತು. ಈ ವರ್ಷ ಹಾಗಾಗಲಿಲ್ಲ. "ತಿಂಗಳು ಪೂರ್ತಿ ಸಿಕ್ಕಿದ ಜೀವಾನೆಲ್ಲ ಬಿಟ್ಬಿಡ್ತೀನಿ, ವೆಂಕಟರಮಣ. ನೀನು ಒಂದೇ ಒಂದನ್ನ ಬಿಟ್ಕೊಡು" ಎಂದು ಹರಕೆ ಹೊತ್ತರು. ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಹಿಡಿಯದವನು ಬಿಡುವುದಾದರೂ ಏನನ್ನು? ಅದು ಅವರ ತರ್ಕ.

ಕೆಲಸಕ್ಕೆ ರಜೆ ಹಾಕಿದ್ದರು. ಹೆಂಡತಿ ಏಳುವುದರೊಳಗೆ ದಿನಾ ಹೋಗಿ ಬರುತ್ತಿದ್ದರು. ಎರೆಗೂ ಜೀವವಿರುತ್ತದೆಂದು ರಬ್ಬರ್ ಮೀನು ಕಟ್ಟಿದರು. ಎಳೆದಾಡಿದರೆ ಬಾಯಿ ಹರಿದೀತೆಂದು, ಸಿಕ್ಕ ಮೀನು ಸೋತು ತಾನಾಗಿ ದಡಕ್ಕೆ ಬರುವವರೆಗೆ ಆಡಿಸಿ ಆಡಿಸಿ ಕಾದರು. ಬಂದದ್ದನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿ, ಹುಟ್ಟುವ ಸೂರ್ಯನಿಗೆ ತೋರಿಸಿ, ಮೂರು ಸಲ ಗೋವಿಂದಾ ಎಂದು, ಒದ್ದೆ ಮರಳಿನ ಮೇಲೆ ಮಲಗಿಸಿ ಫೋಟೋ ತೆಗೆದು, ನಳಿನಾಕ್ಷಿಯ ವಾಟ್ಸಾಪಿಗೆ ಕಳಿಸಿ, ಆಮೇಲೆ ನೀರಿಗೆ. ಅದು ಬಾಲ ಆಡಿಸುತ್ತ ಹೋಗುವಾಗ ಅವರಿಗೆ ಅಳು ಬರುತ್ತಿತ್ತು.

ಮನೆಗೆ ಬಂದರೆ ನಳಿನಾಕ್ಷಿಯ ಮೊದಲ ಮಾತು, "ಎಷ್ಟ್ ಬಿಟ್ರಿ ಇವತ್ತು?"

"ಮೂರು."

"ಚೆನ್ನಾಗ್ ಹೋದ್ವಾ?"

"ಜಮ್ ಅಂತ ಹೋದ್ವು."

ಅಷ್ಟು ಕೇಳಿದರೆ ಆಕೆ ಮೊಸರನ್ನ ಎರಡು ತುತ್ತು ಹೆಚ್ಚಿಗೆ ತಿನ್ನುತ್ತಿದ್ದರು. ಆ ಎರಡು ತುತ್ತೇ ಚೆಲುವರಾಜು ಪಾಲಿಗೆ ದೇವರು ಹಾಕಿದ ರುಜು. ಶುಕ್ರವಾರ ಸಂಜೆ ಆಸ್ಪತ್ರೆಯಿಂದ ಫೋನ್ ಬಂತು: ಸ್ಕ್ಯಾನ್ ರಿಪೋರ್ಟ್ ಬಂದಿದೆ, ಸೋಮವಾರ ಬನ್ನಿ, ಮಗಳನ್ನೂ ಕರೆದುಕೊಂಡು ಬನ್ನಿ. ಒಳ್ಳೆಯ ಸುದ್ದಿಯನ್ನು ಮನೆಯವರೆಲ್ಲರ ಮುಂದೆ ಹೇಳುತ್ತಾರೆಂದು ಅವರು ಅರ್ಥ ಮಾಡಿಕೊಂಡರು. ಅದನ್ನು ತಿಳಿಸಿದಾಗ ಬಾಸ್ಕಿಂಗ್ ರಿಡ್ಜಿನಲ್ಲಿದ್ದ ಮಗಳು ನಿಧಿ 'ಬರ್ತೀನಿ' ಎಂದಷ್ಟೇ ಹೇಳಿ ಫೋನ್ ಇಟ್ಟದ್ದು ಯಾಕೆಂದು ಅವರಿಗೆ ಹೊಳೆಯಲಿಲ್ಲ.

ಮರುದಿನ ಮೂರನೆಯ ಶ್ರಾವಣ ಶನಿವಾರ. ಬೆಳಗಿನ ಆರಕ್ಕೇ ಬೆವರು. ಎರಡನೆಯ ಮೀನನ್ನು ಬಿಟ್ಟು ಕೈ ಮುಗಿಯುತ್ತಿದ್ದಾಗ ಹಿಂದಿನಿಂದ ಯಾರೋ ಕರೆದರು.

"ಅಂಕಲ್, ಕನ್ನಡಾನಾ? ಗೋವಿಂದಾ ಅಂದಿದ್ದು ಕೇಳಿಸ್ತು. ನಾನು ಅವನಿ, ಜೆರಿಕೋ ಅನ್ನೋ ಊರಿಂದ. ಇಲ್ಲಿ ಮೀನುಗಳ ಸಮ್ಮರ್ ಸರ್ವೇ ಮಾಡ್ತಿದೀನಿ."

ಇಪ್ಪತ್ತರ ಆಸುಪಾಸಿನ ಕಾಲೇಜು ಹುಡುಗಿ. ಕೈಯಲ್ಲಿ ಉದ್ದನೆಯ ವೈರಿನ ಥರ್ಮಾಮೀಟರ್. ಚೆಲುವರಾಜು ಹಿಗ್ಗಿ ಹೇಳಿದರು, "ಇದು ನಲವತ್ತೊಂದನೇದು ಕಣಮ್ಮ. ಒಂದನ್ನೂ ಸಾಯಿಸಿಲ್ಲ."

ಹುಡುಗಿ ಥರ್ಮಾಮೀಟರ್ ನೋಡಿದಳು. ಅವರ ಮುಖ ನೋಡಿದಳು. "ಅಂಕಲ್, ವಾಟರ್ ಸೆವೆಂಟಿ ನೈನ್ ಫ್ಯಾರನ್‌ಹೀಟ್ ಇದೆ. ಇಷ್ಟು ವಾರ್ಮ್ ಇದ್ರೆ ಅವಕ್ಕೆ ಉಸಿರು ಸಾಲಲ್ಲ. ಅಷ್ಟು ಹೊತ್ತು ಆಡ್ಸಿ, ಮೇಲೆತ್ತಿ ಇಟ್ಕೊಂಡ್ರೆ... ಹೋಗುವಾಗ ಚೆನ್ನಾಗೇ ಹೋಗುತ್ವೆ. ಆಮೇಲೆ ತುಂಬಾ ಸಾಯುತ್ವೆ. ಐ ಆಮ್ ಸಾರಿ."

"ಕಣ್ಣಾರೆ ನೋಡಿದೀನಮ್ಮ. ಈಜ್ಕೊಂಡು ಹೋದ್ವು."

ಅವನಿ ದಂಡೆ ತಿರುಗುವ ಕಡೆಗೆ ಕೈ ತೋರಿಸಿದಳು. ಅಲೆ ಎಲ್ಲವನ್ನೂ ಅಲ್ಲಿಗೇ ತಂದು ಹಾಕುತ್ತದೆ ಎಂದಳು.

ಅಲ್ಲಿ ಪಾಚಿಯ ಮಧ್ಯೆ ಆರು ಮೀನು ಬಿದ್ದಿದ್ದವು, ಕಣ್ಣುಗಳನ್ನು ಹಕ್ಕಿಗಳು ತಿಂದಿದ್ದವು. ಒಂದರ ಮೂರನೆಯ ಪಟ್ಟೆ ನಡುವೆ ತುಂಡಾಗಿ ಒಂದು ನೂಲಿನಷ್ಟು ಕೆಳಗಿನಿಂದ ಮುಂದುವರಿದಿತ್ತು. ಚೆಲುವರಾಜು ಫೋನ್ ತೆಗೆದು ನಿನ್ನೆಯ ಫೋಟೋ ದೊಡ್ಡದು ಮಾಡಿದರು. ಅದೇ ಪಟ್ಟೆ. ಕೆಳಗೆ ನಳಿನಾಕ್ಷಿಯ ಉತ್ತರ: 'ಇವನ ಗೆರೆ ನೋಡ್ರಿ, ಕಿತ್ತುಹೋಗಿದ್ದನ್ನ ಯಾರೋ ಗಂಟು ಹಾಕಿದಂಗಿದೆ.'

ಸಾರಿಗೆಂದು ಕೊಂದಿದ್ದರೆ ವರ್ಷಕ್ಕೆ ಮೂರು ಸಾಯುತ್ತಿದ್ದವು. ಪುಣ್ಯಕ್ಕೆಂದು ಹೋಗಿ ಎಷ್ಟು ಕೊಂದರೋ, ಆ ನೀರೇ ಹೇಳಬೇಕು. ಇಪ್ಪತ್ತಮೂರು ವರ್ಷ ಡಿಗ್ರಿ ನೋಡಿಯೇ ಅನ್ನ ತಿಂದವರು ಒಂದು ದಿನವೂ ಈ ನೀರಿಗೆ ಥರ್ಮಾಮೀಟರ್ ಅದ್ದಿರಲಿಲ್ಲ. ಅವರು ಮರಳಲ್ಲಿ ಕುಕ್ಕರುಗಾಲಲ್ಲಿ ಕೂತು ಬಾಯಿಬಿಟ್ಟು ಅತ್ತರು. ಸೋಮವಾರ ಆಸ್ಪತ್ರೆಯವರು ಮಗಳನ್ನೂ ಯಾಕೆ ಕರೆದಿದ್ದಾರೆಂದು ಆಗ ಅವರಿಗೆ ಅರ್ಥವಾಯಿತು.

ಮನೆಗೆ ಬಂದು ಮೂರು ಸಲ ಸೋಪು ಹಾಕಿ ಕೈ ತೊಳೆದರು. ಮೊಸರನ್ನ ಕಲಸಿದರು. ಮಂಚದ ಮೇಲೆ ದಿಂಬಿಗೆ ಒರಗಿದ್ದ ನಳಿನಾಕ್ಷಿ ಕೇಳಿದರು, "ಎಷ್ಟ್ ಬಿಟ್ರಿ?"

"ಎರಡು."

"ಚೆನ್ನಾಗ್ ಹೋದ್ವಾ?"

ಚೆಲುವರಾಜು ಬಟ್ಟಲಿನಿಂದ ಒಂದು ತುತ್ತು ಕಟ್ಟಿದರು. "ಹೋದ್ವು" ಅಂದರು.

ಆಕೆ ಬಾಯಿ ತೆರೆದರು. ಮೀನಿನ ವಾಸನೆ ಇನ್ನೂ ಹೋಗದ ಕೈಯಲ್ಲಿ ಅವರು ತುತ್ತು ಕೊಟ್ಟರು. ಆಕೆ ಇನ್ನೊಂದು ಕೇಳಿದರು. ಕೊಟ್ಟರು.

"ನಾಳೆನೂ ಹೋಗ್ಬನ್ನಿ," ಅಂದರು ನಳಿನಾಕ್ಷಿ ನುಂಗುತ್ತ. "ಸೋಮವಾರದ ಒಳಗೆ ಇನ್ನೊಂದ್ ನಾಕ್ ಬಿಟ್ಬಿಡಿ."