ಹೊನವಾಡ ಬಸ್ಸಿನ್ಯಾಗ ಎದ್ದ ಹದಿನಾಲ್ಕು ಕೈ

ಯಾಸ್ಮೀನ ಟೀಚರ್ ಸುಳ್ಳು ಹೇಳ್ತಾಳ ಅಂತ ಯಾರರೆ ಅಂದಿದ್ರ, ಅವರ ಜೋಡಿ ರೂಪಾಲಿ ಜಗಳಕ್ಕ ನಿಂತಿರತಿದ್ಳು. ಅಂಥಾ ಟೀಚರ್ ಹನ್ನೆರಡು ದಿನ ಇಡೀ ಬಸ್ಸಿಗೆ ಬಸ್ಸನ್ನ ಮಳ್ಳ ಮಾಡಿದ್ಳು ಅಂದ್ರ ನಂಬ್ತೀರೇನ್ರಿ? ರೂಪಾಲಿನೂ ನಂಬಲಿಲ್ಲ. ಪುಸ್ತಕ ಕೈಯಾಗ ಹಿಡಕೊಂಡು ಕಣ್ಣಾರೆ ನೋಡಿದ ಮ್ಯಾಲೂ ನಂಬಲಿಲ್ಲ.

ಮೊದಲ ಯಾಸ್ಮೀನ ಯಾರು ಅನ್ನೂದು ಹೇಳಬೇಕು. ವಿಜಯಪುರದ ಇಬ್ರಾಹಿಂಪುರದಾಗ, ರೈಲ್ವೆ ಹಳಿ ಹತ್ರ ಆಕಿ ಮನಿ. ಅಪ್ಪ ಬಂದೇನವಾಜ ಗಡಿಯಾರ ರಿಪೇರಿ ಮಾಡತಿದ್ದ. ಆಕಿಗೆ ಹತ್ತೊಂಬತ್ತು ಇದ್ದಾಗ ಅಂವ ತೀರಿಕೊಂಡ. ಅಲ್ಲಿಂದ ತಾಯಿ ಮಾಬುಬಿ, ಹತ್ತು ವರ್ಷ ಸಣ್ಣಾಕಿ ತಂಗಿ ನಸ್ರೀನ, ಇಬ್ಬರೂ ಇವಳ ಹೆಗಲ ಮ್ಯಾಲ. ಬಿ.ಎಡ್ ಮಾಡಿದ್ಳು, ಟಿಕೋಟಾದ ಹೈಸ್ಕೂಲಿನ್ಯಾಗ ಇಂಗ್ಲಿಷ್ ಟೀಚರ್ ಆದ್ಳು, ತಂಗಿನ್ನ ಓದಿಸಿದ್ಳು. ತನ್ನ ಮದುವಿ ಮಾತು ಬಂದಾಗೆಲ್ಲ "ನಸ್ರೀನಂದು ಆಗಲಿ ತಡೀರಿ" ಅಂದಂದು ಮೂವತ್ತೆಂಟಕ್ಕ ಬಂದು ನಿಂತ್ಳು. ಗ್ಯಾಸ್ ಸಿಲಿಂಡರಿನಿಂದ ಹಿಡಿದು ತಾಯಿ ಕಣ್ಣಿನ ಆಪರೇಷನ್ ತನಕ ಮನ್ಯಾಗ ಎಲ್ಲಾ ಆಕಿನ್ನ ಕೇಳಬೇಕು. ಆಕಿ ಯಾರನ್ನ ಕೇಳಬೇಕು ಅಂತ ಮಾತ್ರ ಒಬ್ಬರೂ ವಿಚಾರ ಮಾಡಿರಲಿಲ್ಲ.

ಆಕಿಗೆ ಇದ್ದದ್ದು ಒಂದ ಚಟಾ. ಇಂಗ್ಲಿಷ್ ಕಾದಂಬರಿ. ಅದೂ ಎಂಥಾವು? ಅಕ್ಕ-ತಂಗಿ ಇರಬೇಕು, ಈಗಿನ ಕಾಲದ ಕಥಿ ಇರಬೇಕು, ನಗೂ ಬರಬೇಕು, ಪ್ರೀತಿ ಆಗಬೇಕು, ಕಡೀಕ ಎಲ್ಲಾ ಸುಖಾ ಆಗಬೇಕು. ಯಾರರೆ ಸತ್ತ್ರು ಅಂದ್ರ ಪುಸ್ತಕ ಮುಚ್ಚಿ ಇಟ್ಟುಬಿಡಾಕಿ. "ಸಾಯೂದು ನೋಡಾಕ ಪುಸ್ತಕ ಯಾಕ ಬೇಕ್ರಿ?" ಅನ್ನಾಕಿ.

ವಿಜಯಪುರದಿಂದ ಮುಂಜಾನೆ ಎಂಟೂವರೀಗೆ ಹೊನವಾಡ ಬಸ್ಸು. ಟಿಕೋಟಾ ತನಕ ನಲವತ್ತು ನಿಮಿಷದ ದಾರಿ. ದಿನಾ ಅದ ಮಂದಿ, ಅವ ಸೀಟು: ನಾಕೈದು ಟೀಚರ್, ನರ್ಸಬಾಯಿಗಳು, ತಹಶೀಲ್ದಾರ ಕಚೇರಿಯ ಕ್ಲರ್ಕ್ ರೂಪಾಲಿ. ಹೋದ ವರ್ಷ ಒಂದಿನ ಯಾಸ್ಮೀನ ಪುಸ್ತಕ ನೋಡಿಕೋತ ಒಬ್ಬಾಕಿನ ಕಿಸಿಕಿಸಿ ನಗಾಕತ್ತಿದ್ಳು. ಪಕ್ಕದ ಸೀಟಿನ ರೂಪಾಲಿಗೆ ತಡಕೊಳ್ಳಾಕ ಆಗಲಿಲ್ಲ. "ಟೀಚರ್, ಒಬ್ಬರ ನಗಬ್ಯಾಡ್ರಿ, ಪಾಪ ಬರ್ತದ. ನಮಗೂ ಹೇಳ್ರಿ" ಅಂದ್ಳು.

ಅಲ್ಲಿಂದ ಸುರು ಆತು ನೋಡ್ರಿ. ಯಾಸ್ಮೀನ ಪುಟ ತಿರುವಿಕೋತ ಇಂಗ್ಲಿಷ್ ಓದಾಕಿ, ಕನ್ನಡದಾಗ ಹೇಳಾಕಿ. ಮುಂದಿನ ಸೀಟಿನವರು ಹಿಂದಕ್ಕ ತಿರುಗಿ ಕುಂದ್ರಾಕತ್ತಿದ್ರು. ಕಂಡಕ್ಟರ್ ಬಸಗೊಂಡಪ್ಪ ಅರ್ಧಾ ಬಸ್ಸಿಗೆ ಟಿಕೇಟು ಹರದು, "ಉಳದವ್ರು ತಡೀರಿ, ಅಂವ ಆಕಿಗೆ ಫೋನ್ ಹಚ್ಚಿದ್ನೋ ಇಲ್ಲೋ ಕೇಳೂಣು" ಅಂತ ಕಂಬಾ ಹಿಡಕೊಂಡು ನಿಂದ್ರಾಂವ. ಹಿಂಗ ಒಂದು ವರ್ಷದಾಗ ಮೂರು ಕಾದಂಬರಿ ಮುಗಿಸಿದ್ರು. ಮೂರರಾಗೂ ಅಕ್ಕ-ತಂಗಿಯರಿಗೆ ಒಳ್ಳೆ ಗಂಡಂದಿರು ಸಿಕ್ಕ್ರು, ಬಸ್ಸಿನವರು ಚಪ್ಪಾಳಿ ಹೊಡದ್ರು.

ನಾಲ್ಕನೇದು ಗುಲಾಬಿ ಬಣ್ಣದ ಹೊದಿಕಿ ಪುಸ್ತಕ. ಇಂಗ್ಲೆಂಡಿನ ಒಂದು ಸಣ್ಣ ಊರು, ಎಮಿಲಿ ಅಂತ ಅಕ್ಕ, ರೋಸ್ ಅಂತ ತಂಗಿ. ಡ್ಯಾನಿಯಲ್ ಅನ್ನಾಂವ ತಂಗಿನ್ನ ನೋಡಾಕ ಅಂತ ಮನಿಗೆ ಬಂದ. ತಂಗಿ ಮುಖದ ಮ್ಯಾಲ ಹೊಡದಂಗ ಬ್ಯಾಡ ಅಂದ್ಳು. ಎರಡು ತಿಂಗಳ ಮ್ಯಾಲ ಅಂವ ಮತ್ತ ಹೇಳಿ ಕಳಿಸಿದ: "ಅವತ್ತ ಚಹಾ ಕೊಟ್ಟು ನನ್ನ ಜೋಡಿ ವಾದಾ ಮಾಡಿದ್ರಲ್ಲ, ಆ ಅಕ್ಕನ್ನ ಕೇಳಬಹುದೇನು?"

"ಅಲ್ರಿ ಟೀಚರ್, ಇಂಗ್ಲೆಂಡಿನ್ಯಾಗೂ ಹೆಣ್ಣು ನೋಡಾಕ ಬರತಾರೇನು?" ಅಂದ್ಳು ಒಬ್ಬಾಕಿ ನರ್ಸಬಾಯಿ.

"ಹಳ್ಳಿ ಕಡೆ ಇನ್ನೂ ಅದ ಅಂತರಿ" ಅಂದ್ಳು ಯಾಸ್ಮೀನ, ಪುಸ್ತಕದಿಂದ ತಲಿ ಎತ್ತದ.

ಡ್ಯಾನಿಯಲ್ ಬರೂಮುಂದ ಎರಡು ಕಿಲೋ ಒಣದ್ರಾಕ್ಷಿ ತಂದಿದ್ದ ಅಂತ ಹೇಳಿದಾಗ ಇಡೀ ಬಸ್ಸು ಹೋ ಅಂತು. "ಲಂಡನ್ನಿನ್ಯಾಗೂ ಮಣೂಕ ಸಿಗತಾವು? ನಮ್ಮವ ಹೋಗಿರಬೇಕು ಬಿಡ್ರಿ!" ಅಂದ ಬಸಗೊಂಡಪ್ಪ. ಯಾಸ್ಮೀನನೂ ನಕ್ಕಳು, ಖರೆ. ಆದ್ರ ಯಾವಾಗಿನ ನಗೂ ಅಲ್ಲ ಅದು.

ಹನ್ನೆರಡನೇ ದಿನ, ಶುಕ್ರವಾರ, ಕಥಿ ಒಂದು ಕಡೆ ಬಂದು ನಿಂತಿತ್ತು. ಎಮಿಲಿ ರವಿವಾರದೊಳಗ ಉತ್ತರ ಕೊಡಬೇಕು. ಯಾಸ್ಮೀನ ಪುಸ್ತಕ ಮುಚ್ಚಿ ತೊಡಿ ಮ್ಯಾಲ ಇಟ್ಟುಕೊಂಡು, "ನೀವೆಲ್ಲಾ ಏನಂತೀರಿ? ಆಕಿ ಹೂಂ ಅನ್ನಬೇಕೋ, ಬ್ಯಾಡ ಅನ್ನಬೇಕೋ?" ಅಂದ್ಳು. ಹಿಂದ ಯಾವ ಪುಸ್ತಕಕ್ಕೂ ಹಿಂಗ ಕೇಳಿದಾಕಿ ಅಲ್ಲ.

"ಓಟ್ ಹಾಕೂಣು, ಕೈ ಎತ್ರಿ!" ಅಂದ ಬಸಗೊಂಡಪ್ಪ. ಅಂವಗ ಇಂಥಾದು ಅಂದ್ರ ಭಾಳ ಹುರುಪು.

"ಬ್ಯಾಡ" ಅನ್ನೂದಕ್ಕ ಎಲ್ಲಾರಿಗಿಂತ ಮೊದಲ ಎದ್ದದ್ದು ರೂಪಾಲಿ ಕೈ. ಕೈ ಅಷ್ಟ ಅಲ್ಲ, ಧ್ವನಿನೂ ಎದ್ದಿತ್ತು. "ಬ್ಯಾಡ ಅನ್ನಬೇಕ್ರಿ! ಮರ್ಯಾದಿ ಅನ್ನೂದು ಬ್ಯಾಡೇನು? ತಂಗಿ ಸರಿಸಿದ ತಾಟಿನ್ಯಾಗ ಅಕ್ಕ ಉಣ್ಣಾಕ ಕುಂದ್ರಬೇಕೇನು? ನಾಳೆ ಅಕ್ಕ-ತಂಗಿ ಒಬ್ಬರ ಮುಖಾ ಒಬ್ಬರು ಹೆಂಗ ನೋಡಬೇಕು?" ಆಕಿ ಅಷ್ಟು ಸಿಟ್ಟಿನಿಂದ ಅಂದದ್ದು ನೋಡಿ, ಸುಮ್ಮ ಕೂತವರೂ ಕೈ ಎತ್ತಿದ್ರು. ಹೊನವಾಡದ ಮುದುಕಿ ಒಬ್ಬಾಕಿ, "ಮಾಡಿಕೊಳ್ಳಲಿ ಬಿಡ್ರೆ, ಮಣೂಕ ತಂದಾನಂತ" ಅಂದ್ಳು. ಆಕಿ ಬಾಯಿ ಎಲ್ಲಾರೂ ಕೂಡಿ ಮುಚ್ಚಿಸಿದ್ರು. ಹದಿನಾಲ್ಕು ಬ್ಯಾಡ, ಮೂರು ಹೂಂ.

ಯಾಸ್ಮೀನ ಎತ್ತಿದ ಕೈಗಳನ್ನ ತಾನೂ ಒಮ್ಮೆ ಎಣಿಸಿದ್ಳು. ಎಣಿಸಿ, ಕಿಟಕಿ ಕಡೆ ತಿರುಗಿ ಪುಸ್ತಕದಾಗ ಏನೋ ಗೀಚಿಕೊಂಡ್ಳು. "ಖರೆ ಅದರಿ ನಿಮ್ಮ ಮಾತು" ಅಂದ್ಳು. ಸಾಲಿ ಹತ್ರದ ಸ್ಟಾಪು ಬಂತು, ಲಗುಲಗು ಇಳದು ಹೋದ್ಳು. ಪುಸ್ತಕ ಸೀಟಿನ ಮ್ಯಾಲ ಉಳೀತು. ಮುಂದಿನ ಸ್ಟಾಪಿನ್ಯಾಗ ಇಳಿಯೂ ರೂಪಾಲಿ ಅದನ್ನ ಎತ್ತಿಕೊಂಡು ತನ್ನ ಚೀಲದಾಗ ಹಾಕಿಕೊಂಡ್ಳು.

ಮರುದಿನ ಎರಡನೇ ಶನಿವಾರ, ಸೂಟಿ. ಸೋಮವಾರದ ತನಕ ತಡೀಬೇಕು ಅನ್ನೂ ತಾಳ್ಮಿ ರೂಪಾಲಿ ಹಂತ್ಯಾಕ ಎಲ್ಲಿಂದ ಬರಬೇಕು? ಜಲನಗರದ ಮನ್ಯಾಗ ಊಟಾ ಮುಗಿಸಿ ಪುಸ್ತಕ ಹಿಡಕೊಂಡು ಕೂತ್ಳು. ಆಕಿ ಇಂಗ್ಲಿಷ್ ಕಚೇರಿ ಕಾಗದಕ್ಕ ಸಾಕಾಗೂ ಅಷ್ಟು. ಗಂಡ ಮಿಲಿಂದ ಪಕ್ಕದಾಗ ಕೂತು ತಿಳೀದ ಶಬ್ದಗಳನ್ನ ಮೊಬೈಲಿನ್ಯಾಗ ಹುಡುಕಿ ಹೇಳಾಂವ, ನಡುವ ಎದ್ದು ಹೋಗಿ ಚಹಾ ಮಾಡಿಕೊಂಡು ಬರಾಂವ.

ಇಪ್ಪತ್ತು ಪುಟಾ ಆತು, ಐವತ್ತಾತು. ಡ್ಯಾನಿಯಲ್ ಇಲ್ಲ. ಎಮಿಲಿ ಇದ್ದಾಳ, ಆದ್ರ ಆಕಿಗೆ ಒಂದು ಹೊಟೇಲು ಅದ, ಒಂದು ನಾಯಿ ಅದ, ನಾಯಿ ಡಾಕ್ಟರನ ಮ್ಯಾಲ ಪ್ರೀತಿ ಅದ. ತಂಗಿನ್ನ ನೋಡಾಕ ಯಾರೂ ಬಂದಿಲ್ಲ. ಮಣೂಕದ ಮಾತಂತೂ ಎಲ್ಲೂ ಇಲ್ಲ.

"ಹಾಂ?" ಅಂದ್ಳು ರೂಪಾಲಿ. "ರೀ, ಇದು ಬ್ಯಾರೆ ಪುಸ್ತಕೇನು?"

"ಅದ ಗುಲಾಬಿ ಪುಸ್ತಕ ಅಂತೀಯಲ್ಲ" ಅಂದ ಮಿಲಿಂದ.

ರೂಪಾಲಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಲಾ ಇವಳ! ಹನ್ನೆರಡು ದಿನ! ಪುಟ ತಿರುವಿ ತಿರುವಿ ಹೇಳಿದ್ಳಲ್ಲ, ಕಣ್ಣು ಸಾಲಿನ ಮ್ಯಾಲ ಇಟ್ಟು ಓದಿದ್ಳಲ್ಲ, ಅದೆಲ್ಲಾ ನಾಟಕೇನು? ಸೋಮವಾರ ಬರಲಿ, ಬಸ್ಸಿನ್ಯಾಗ ಎಲ್ಲಾರ ಮುಂದ ಕೇಳ್ತೇನಿ ಅಂತ ಪುಸ್ತಕ ಒಗದಳು.

ರವಿವಾರ ಮುಂಜಾನೆ ಒಂಬತ್ತೂವರೀಗೆ ಮತ್ತ ಕೈಗೆತ್ತಿಕೊಂಡ್ಳು. ಕಡೀಗರೆ ಆ ಕಥಿ ಬರ್ತದೇನು ಅಂತ ಹಿಂದಿನಿಂದ ತಗದಳು. ಕಡೀ ಖಾಲಿ ಹಾಳಿ ಮ್ಯಾಲ ಪೆನ್ಸಿಲಿನಿಂದ ಟೀಚರ್ ಅಕ್ಷರದಾಗ ಬರದಿತ್ತು: "ಹೂಂ 3, ಬ್ಯಾಡ 14. ಸೊಹೇಲ ಅವರಿಗೆ ರವಿವಾರ 11ಕ್ಕ ಉತ್ತರ."

ಸೊಹೇಲ? ಡ್ಯಾನಿಯಲ್ ಅಲ್ಲ, ಸೊಹೇಲ! ಎರಡು-ಮೂರು ತಿಂಗಳ ಹಿಂದ ಟೀಚರ್ ಬಸ್ಸಿನ್ಯಾಗ ಎಲ್ಲಾರಿಗೂ ಒಂದೊಂದು ಮುಟಗಿ ಮಣೂಕ ಹಂಚಿದ್ದು ನೆನಪಾತು. "ಬಬಲೇಶ್ವರದಾಗ ಪರಿಚಯದವರು ಮಣೂಕದ ಶೆಡ್ ಇಟ್ಟಾರ್ರಿ" ಅಂದಿದ್ಳು. ಬಾಯಿ ಮ್ಯಾಲ ಕೈ ಇಟ್ಟುಕೊಂಡು ಹಂಗ ನೆಲಕ್ಕ ಕೂತುಬಿಟ್ಳು ರೂಪಾಲಿ. ಅಯ್ಯೋ ದೇವರ, ಕಾದಂಬರಿ ಅಂತ ತಿಳಕೊಂಡು, ಜೀವಂತ ಇರೂ ಹೆಣ್ಣಮಗಳ ಮದುವಿಗೆ ನಾವು ಕೈ ಎತ್ತಿದ್ವಿ! ಚುರಮರಿ ತಿನಕೋತ, ಹಲ್ಲು ಕಿಸಕೋತ ಎತ್ತಿದ್ವಿ! ಅದೂ ಮೊದಲನೇ ಕೈ ನಂದು!

ಟೀಚರಿಗೆ ಫೋನ್ ಹಚ್ಚಿದ್ಳು, ಸ್ವಿಚ್ ಆಫ್. "ರೀ, ಸ್ಕೂಟರ್ ತಗೀರಿ!" ಅಂತ ಚೀರಿದ್ಳು. ಮನಿ ಸೀರಿ ಮ್ಯಾಲ ಹೊಂಟ್ಳು. ಇಬ್ರಾಹಿಂಪುರದಾಗ ಎರಡು ಕಡೆ ಕೇಳಿ ಮನಿ ಹುಡುಕೂದ್ರಾಗ ಹತ್ತೂಕಾಲು ಆಗಿತ್ತು. ಮಿಲಿಂದ ಹೊರಗ ಬೇವಿನ ಗಿಡದ ನೆರಳಿಗೆ ಸ್ಕೂಟರ್ ಹಚ್ಚಿ ನಿಂತ.

ಬಾಗಲದಾಗ ಮಾಬುಬಿ ಕೂತಿದ್ಳು, ಮುಖಾ ಗಂಟು ಹಾಕಿಕೊಂಡು. "ಬರ್ರಿ ಬಾಯಾರ. ನಿಮ್ಮ ಟೀಚರಿಗೆ ನೀವರೆ ಹೇಳ್ರಿ. ಬಾಯಿ ಸಿಹಿ ಮಾಡಾಕ ಸಕ್ಕರಿ ತರಿಸಿ ಇಟ್ಟೇನಿ, ಹನ್ನೊಂದಕ್ಕ ಗಂಡಿನ ಮಂದಿ ಬರೂದಿತ್ತು. ನಿನ್ನೆ ಸಂಜಿಮುಂದ ಫೋನ್ ಹಚ್ಚಿ ಬ್ಯಾಡ ಅಂದುಬಿಟ್ಟಾಳ. ಯಾಕ ಅಂದ್ರ ಬಾಯಿ ಬಿಡವಲ್ಲಳು."

ಅಂದ ಬಿಟ್ಟಾಳ! ರೂಪಾಲಿ ಮಾಬುಬಿನ್ನ ದಾಟಿ ಒಳಗ ನುಗ್ಗಿದ್ಳು. ಒಳಗ ಯಾಸ್ಮೀನ ಕಿಟಕಿ ಹತ್ರ ಪರೀಕ್ಷೆ ಪೇಪರ್ ತಿದ್ದಕೋತ ಕೂತಿದ್ಳು. ರೂಪಾಲಿ ಕೈಯಾಗಿನ ಗುಲಾಬಿ ಪುಸ್ತಕ ನೋಡಿದ ಕೂಡಲೇ ಆಕಿ ಪೆನ್ನು ಕೆಳಗ ಇಟ್ಳು.

"ಓದಿದ್ರೇನು?"

"ಓದೀನಿ. ಹಿಂದಿನ ಹಾಳಿನೂ ಓದೀನಿ. ಟೀಚರ್, ಹಿಂಗ್ಯಾಕ ಮಾಡಿದ್ರಿ? ನೇರ ಕೇಳಬಾರದೇನ್ರಿ ನಮ್ಮನ್ನ?"

"ನೇರ ಕೇಳಿದ್ರ ನೀವು ನನ್ನ ಮುಖಾ ನೋಡಿ ಉತ್ತರ ಹೇಳ್ತಿದ್ರಿ" ಅಂದ್ಳು ಯಾಸ್ಮೀನ. "ಅಮ್ಮಿನ್ನ ಕೇಳಿದ್ರ ನಿನ್ನ ಮರ್ಜಿ ಅಂತಾಳ. ನಸ್ರೀನನ್ನ ಕೇಳಿದ್ರ ನಗತಾಳ. ಹೊರಗಿನ ಮಂದಿ ಏನಂತಾರ ಅಂತ ಖರೇನ ಗೊತ್ತಾಗಬೇಕಿತ್ತು ನನಗ. ಗೊತ್ತಾತು. ಎಲ್ಲಾರಿಗಿಂತ ಮೊದಲ ನಿಮ್ಮ ಕೈ ಎದ್ದಿತ್ತು, ರೂಪಾಲಿಬಾಯಿ. ನಿಮ್ಮನ್ನ ನಾ ಭಾಳ ನಂಬ್ತೇನಿ."

ಆ ಮಾತು ಕೇಳಿ ರೂಪಾಲಿಗೆ ಕಪಾಳಕ್ಕ ಹೊಡದಂಗ ಆತು. ಹದಿನೇಳು ವರ್ಷ ಯಾರ ಮುಂದೂ ಆಡದ ಮಾತು ಆಕಿ ಬಾಯಿಂದ ಬಂತು.

"ನಮ್ಮ ಅಕ್ಕ ಪ್ರಾಚಿನ್ನ ನೋಡಾಕ ಬಂದಿದ್ರು ಇವರು. ಹೊರಗ ನಿಂತಾರಲ್ಲ, ನಮ್ಮ ಮನಿಯವರು. ನಾ ಉಪ್ಪಿಟ್ಟಿನ ತಾಟು ತಂದು ಇಟ್ಟೆ, ಅಷ್ಟ. ವಾರದ ಮ್ಯಾಲ ಸಣ್ಣಾಕಿ ಆಗ್ತಾಳ ಅಂತ ಹೇಳಿ ಕಳಿಸಿದ್ರು. ಪ್ರಾಚಿಗೆ ಇವರು ಮನಸ್ಸಿಗೆ ಬಂದಿದ್ರು. ಆದ್ರೂ ಆಕಿನ ನನಗ ಮಾಡಿಕೋ ಅಂದ್ಳು. ಈಗ ಸೋಲಾಪುರದಾಗ ಒಬ್ಬಾಕಿನ ಇದ್ದಾಳ, ನಮ್ಮ ಮನಿ ಹೊಸ್ತಿಲಾ ಒಂದ ದಿನ ತುಳದಿಲ್ಲ. ಶುಕ್ರವಾರ ನಾ ನಿಮ್ಮ ಕಥಿ ಕೇಳಲಿಲ್ಲ ಟೀಚರ್. ನನ್ನ ಪಾಪಕ್ಕ ನಾ ಕೈ ಎತ್ತಿದೆ. ನಿಮ್ಮ ತಂಗಿ ತಾನ ಬ್ಯಾಡ ಅಂದಾಕಿ. ಎರಡೂ ಒಂದೇನ್ರಿ?"

"ಅದನ್ನ ನಾನೂ ಕೇಳಾಕತ್ತೇನಿ!" ಅಂತ ಅಡಗಿಮನ್ಯಾಗಿಂದ ನಸ್ರೀನ ಹೊರಗ ಬಂದ್ಳು. ಆಕಿ ಕಣ್ಣಾಗ ನೀರು, ಬಾಯಾಗ ಬೈಗಳ. "ಆಪಾ, ನನ್ನ ಸಲುವಾಗಿ ಬ್ಯಾಡ ಅಂದಿಯೇನು? ಅಂವ ಎರಡು ತಾಸು ಮಣೂಕದ ಮಾತಾಡಿದ. ನಾ ಆಕಳಿಸಾಕತ್ತಿದ್ದೆ, ನೀ ಬಾಯಿ ತಗದು ಕೇಳಾಕತ್ತಿದ್ದಿ. ಅವತ್ತ ನನಗ ಗೊತ್ತಾಗಿತ್ತು. ನಾ ನಕ್ಕಿದ್ದು ಖುಷಿಗೆ, ಮಳ್ಳಿ!"

ಯಾಸ್ಮೀನ ಇಬ್ಬರ ಕಡೆನೂ ನೋಡಿದ್ಳು. ಆಮ್ಯಾಲ ಕಿಟಕ್ಯಾಗಿಂದ ಹೊರಗ ನೋಡಿದ್ಳು. ಅಲ್ಲಿ ಮಿಲಿಂದ ಹೆಂಡತಿ ಚಪ್ಪಲಿ ಕೈಯಾಗ ಹಿಡಕೊಂಡು ನಿಂತಿದ್ದ. ಬರೂ ಗಡಬಿಡ್ಯಾಗ ರೂಪಾಲಿ ಅದನ್ನ ಸ್ಕೂಟರಿನ ಮ್ಯಾಲ ಬಿಟ್ಟು ಓಡಿ ಬಂದಿದ್ಳು.

"ಒಂದ ಮಾತು ಕೇಳ್ತೇನಿ, ಖರೆ ಹೇಳ್ರಿ" ಅಂದ್ಳು ಯಾಸ್ಮೀನ. "ಅವರ ಜೋಡಿ ಸುಖಾ ಇದ್ದೀರೇನು?"

ಪ್ರಾಚಿ ಫೋನ್ ಮಾಡಿದಾಗೆಲ್ಲ ರೂಪಾಲಿ ಗಂಡನ ಮ್ಯಾಲ ತಕರಾರು ಹೇಳಾಕಿ. ಗೊರಕಿ ಹೊಡೀತಾರ, ಮರೀತಾರ, ನನ್ನ ಮಾತು ಕಿವಿಗೆ ಹಾಕಿಕೊಳ್ಳೂದಿಲ್ಲ ಅಂತ ಇಲ್ಲದ್ದು ಹುಟ್ಟಿಸಿ ಹೇಳಾಕಿ, ಅಕ್ಕನ ಹೊಟ್ಟಿಗೆ ಬೆಂಕಿ ಬೀಳಬಾರದು ಅಂತ. ಹೇಳಿ ಹೇಳಿ ಖರೆ ಮಾತು ಯಾವುದು ಅನ್ನೂದ ಮರತಂಗ ಆಗಿತ್ತು.

"ಭಾಳ ಸುಖಾ ಇದ್ದೇನ್ರಿ" ಅಂದ್ಳು. ಅಂದು, ತನ್ನ ಬಾಯಿಂದ ಬಂದ ಮಾತಿಗೆ ತಾನ ಬೆಚ್ಚಿಬಿದ್ಳು. ಗಳಗಳ ಅಳು ಬಂತು. "ಹದಿನೇಳು ವರ್ಷ ಸುಖಾ ಇದ್ದೇನ್ರಿ ಟೀಚರ್, ಒಂದ ದಿನ ಬಾಯಿ ಬಿಟ್ಟು ಅಂದಿಲ್ಲ."

ಯಾಸ್ಮೀನ ಎದ್ದು ಆಕಿಗೆ ನೀರು ಕೊಟ್ಳು. ಆಮ್ಯಾಲ ಕಪಾಟಿನ್ಯಾಗಿಂದ ಫೋನ್ ತಗದು ಚಾಲೂ ಮಾಡಿದ್ಳು. ಮಾಬುಬಿ ಬಾಗಲಾ ಬಿಟ್ಟು ಎದ್ದು ಬಂದು ಗ್ವಾಡಿಗೆ ಆನಿಸಿ ನಿಂತ್ಳು. ಆ ಕಡೆ ಫೋನ್ ಎತ್ತಿದ್ರು.

"ಸೊಹೇಲ ಅವರ, ನಾ ಯಾಸ್ಮೀನ" ಅಂದ್ಳು. "ನಿನ್ನೆ ನಾ ಹೇಳಿದ್ದು ಮಂದಿ ಮಾತು. ನನ್ನ ಮಾತು ಇನ್ನೂ ಹೇಳಿಲ್ಲ. ಕೇಳ್ತೀರೇನು?"