ರೇಣುಕಮ್ಮ ನೋಡಿದ ಬ್ಯಾಸ್ಕೆಟ್‌ಬಾಲ್

ಕಳೆದ ವಾರ ಬ್ಲೌಸ್ ತರಲು ಹೋದವಳು ಬ್ಯಾಸ್ಕೆಟ್‌ಬಾಲ್ ಮ್ಯಾಚ್ ನೋಡಿಕೊಂಡು ಬಂದೆ.

ನಗಬೇಡಿ. ಕೊಟ್ಟೂರಿನ ನಮ್ಮ ಓಣಿಯ ಟೇಲರ್ ರೇಣುಕಮ್ಮನ ಮಷಿನ್ ನಿಂತಿತ್ತು. ಅದರ ಮೇಲೆ ದಾರದ ಡಬ್ಬಿಗೆ ಒರಗಿಸಿಟ್ಟ ಮೊಬೈಲ್. ಅದರಲ್ಲಿ ಎತ್ತರೆತ್ತರದ ಹುಡುಗಿಯರು ಚೆಂಡು ಪುಟಿಸುತ್ತ ಓಡುತ್ತಿದ್ದರು. ನನ್ನ ಬ್ಲೌಸಿಗೆ ಇನ್ನೂ ತೋಳು ಕೂಡಿರಲಿಲ್ಲ. (ಹೇಳಿದ ದಿನ ಹೊಲಿದುಕೊಟ್ಟ ಟೇಲರ್ ನಿಮಗೆ ಯಾರಾದರೂ ಗೊತ್ತೇ?) ಕೂತುಕೊಳ್ಳಿ ಎಂದು ಸ್ಟೂಲ್ ಸರಿಸಿದರು. ಕಣ್ಣು ಮಾತ್ರ ಮೊಬೈಲ್ ಬಿಟ್ಟು ಕದಲಲಿಲ್ಲ.

ಅದು ಅವರ ಮಗಳು ಪವಿತ್ರಾಳ ಮೊಬೈಲ್. ಪವಿತ್ರಾ ಕಾಲೇಜು ಟೀಮಿನಲ್ಲಿ ಆಡುತ್ತಿದ್ದಳು. ಎರಡು ವರ್ಷದ ಹಿಂದೆ ಬೇರೆ ಊರಿಗೆ ಆಡಲು ಹೋದವಳು ಕೋರ್ಟಿನಲ್ಲೇ ಕುಸಿದುಬಿದ್ದಳು, ಬದುಕಲಿಲ್ಲ. ಹೃದಯದಲ್ಲಿ ಹುಟ್ಟಿನಿಂದಲೇ ದೋಷವಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಆಮೇಲೆ ಹೇಳಿ ಏನು ಬಂತು?

ಮೊಬೈಲಿಗೆ ಇದೆಲ್ಲ ಗೊತ್ತಿಲ್ಲ. ಅವಳು ಆಸೆಪಟ್ಟು ನೋಡುತ್ತಿದ್ದ ಹೆಣ್ಣುಮಕ್ಕಳ ಮ್ಯಾಚುಗಳನ್ನು ಅದು ಇವತ್ತಿಗೂ ಹುಡುಕಿ ತಂದು ಮುಂದಿಡುತ್ತದೆ. ರೇಣುಕಮ್ಮ ಬೇಡ ಅನ್ನುವುದಿಲ್ಲ. ರೂಲ್ಸ್ ತಿಳಿಯದು, ಇಂಗ್ಲಿಷ್ ಬಾರದು. ಮಗಳ ವಯಸ್ಸಿನವರು ಓಡಾಡುತ್ತಾರೆ. ಇವರು ನೋಡುತ್ತಾರೆ.

ಅವತ್ತು ಬರುತ್ತಿದ್ದದ್ದು ಸಣ್ಣ ದೇಶಗಳ ಟೂರ್ನಿ. ಹೌದು, ಅಂಥದ್ದೂ ಒಂದಿದೆ. ದೊಡ್ಡವರ ಎದುರು ಆಡಿದರೆ ಸೋಲು ಗ್ಯಾರಂಟಿ. ಹಾಗಾಗಿ ಸಣ್ಣವರು ಸಣ್ಣವರೇ ಸೇರಿ ಆಡಿಕೊಳ್ಳುತ್ತಾರೆ. ಕೆಲವು ದೇಶಗಳ ಜನ ನಮ್ಮ ಒಂದು ತಾಲ್ಲೂಕಿಗೂ ಸಾಲದು. ಆಡುವವರಲ್ಲಿ ಟೀಚರುಗಳಿದ್ದಾರೆ, ನರ್ಸುಗಳಿದ್ದಾರೆ, ರಜೆ ಹಾಕಿ ಬಂದಿದ್ದಾರೆ ಎಂದು ಕಾಮೆಂಟರಿಯವನು ಹೇಳುತ್ತಿದ್ದ. ನಾನು ಕನ್ನಡದಲ್ಲಿ ತಿಳಿಸಿದೆ. ಹಾಗಾದರೆ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೇರಿಸಿದರೂ ಒಂದು ಇಂಟರ್‌ನ್ಯಾಷನಲ್ ಟೂರ್ನಿ ಆಗುತ್ತದಲ್ಲ ಎಂದೆ. ಮಲ್ಲಿಗೆಗೆ ಹೆಸರಾದ ಹಡಗಲಿಯವರಿಗೆ ಮಲ್ಲಿಗೆ ಬಣ್ಣದ ಜೆರ್ಸಿ, ಹೊಲಿಯುವ ಕಾಂಟ್ರಾಕ್ಟ್ ನಿಮಗೇ ಎಂದೆ. ರೇಣುಕಮ್ಮ ನಕ್ಕರು. ಪವಿತ್ರಾ ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಮೊಬೈಲಿನಲ್ಲಿ ಒಬ್ಬ ಹುಡುಗಿ ಬಿದ್ದಳು.

ಯಾರೂ ತಳ್ಳಿರಲಿಲ್ಲ. ಓಡುತ್ತಿದ್ದವಳು ನಿಧಾನಿಸಿದಳು. ಮೊಣಕಾಲೂರಿದಳು. ಹಾಗೇ ಮಗ್ಗುಲಾದಳು.

"ಏನಾತ್ರಿ ಅಕ್ಕಾರ? ಏನಂತಾನ ಅವ?"

ಅವನು ಏನೂ ಅನ್ನುತ್ತಿರಲಿಲ್ಲ. ಕಾಮೆಂಟರಿ ನಿಂತುಹೋಗಿತ್ತು. ರೆಫರಿ ಸೀಟಿ ಊದಿದ. ಬೆಂಚಿನ ಕಡೆಯಿಂದ ಡಾಕ್ಟರು ಓಡಿಬಂದರು, ಹಿಂದೆಯೇ ಇನ್ನಿಬ್ಬರು ಡಬ್ಬಿಯಂಥದ್ದೇನನ್ನೋ ಹೊತ್ತು ಬಂದರು. ಎರಡೂ ಟೀಮಿನ ಹುಡುಗಿಯರು ಅವಳ ಸುತ್ತ ನಿಂತು, ನಮ್ಮ ಕಡೆ ಮುಖ ಮಾಡಿ, ಟವೆಲ್ ಹರವಿ ಹಿಡಿದರು. ಬಿದ್ದವಳನ್ನು ಕ್ಯಾಮೆರಾ ನೋಡಬಾರದು ಎಂದು. ಎದುರಾಳಿ ಟೀಮಿನ ಒಬ್ಬಳು ಟವೆಲ್ ಹಿಡಿದುಕೊಂಡೇ ಅಳುತ್ತಿದ್ದಳು. ಸ್ಟ್ರೆಚರ್ ಹೊರಗೆ ಹೋದ ಮೇಲೆ ಕಾಮೆಂಟರಿಯವನು ಸಣ್ಣ ದನಿಯಲ್ಲಿ, ಇವತ್ತಿನ ಮ್ಯಾಚ್ ಇಲ್ಲಿಗೇ ನಿಲ್ಲಿಸಿದ್ದಾರೆ ಎಂದ. ನಾನು ರೇಣುಕಮ್ಮನಿಗೆ ಹೇಳಿದೆ.

"ನಿಲ್ಲಿಸಿಬಿಟ್ರಾ?" ಎಂದರು. "ಎರಡೂ ಕಡಿಯವ್ರು ಒಪ್ಪಿದ್ರಾ?"

ಒಪ್ಪಿದರು ಎಂದೆ.

ರೇಣುಕಮ್ಮ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು. ಆಮೇಲೆ ಹೇಳಿದರು. ಪವಿತ್ರಾ ಬಿದ್ದಾಗ ಅಲ್ಲಿದ್ದವರು ಬಿಸಿಲಿಗೆ ತಲೆ ಸುತ್ತಿರಬೇಕು ಅಂದುಕೊಂಡರಂತೆ. ಎತ್ತಿ ಬೇವಿನ ಮರದ ನೆರಳಿಗೆ ಮಲಗಿಸಿ, ಮುಖಕ್ಕೆ ನೀರು ಚಿಮುಕಿಸಿ, ಬಾಟಲಿ ಪಕ್ಕದಲ್ಲಿಟ್ಟರಂತೆ. ಅವಳ ಜಾಗಕ್ಕೆ ಬೇರೊಬ್ಬಳು ಇಳಿದಳಂತೆ. ಆಟ ಮುಂದುವರಿಯಿತಂತೆ. ಮುಗಿದ ಮೇಲೆ ಎಬ್ಬಿಸಲು ಹೋದರೆ ಏಳಲಿಲ್ಲ. ಆಗ ಆಟೊ ಹುಡುಕಲು ಓಡಿದರಂತೆ. ಮಣ್ಣು ಮಾಡಿದ ಮರುದಿನ ಜೊತೆಗಾತಿಯರು ಬಂದು ಅಳುತ್ತ ಹೇಳಿಹೋದರು. ಅವಳು ಕೋರ್ಟಿನಲ್ಲಿ ಬಿದ್ದದ್ದು ಓಣಿಗೆಲ್ಲ ಗೊತ್ತು. ಇದು ನನಗೂ ಗೊತ್ತಿರಲಿಲ್ಲ.

"ಅವತ್ತು ನಮ್ಮವರಽ ಗೆದ್ರಂತ್ರಿ," ಎಂದರು ರೇಣುಕಮ್ಮ.

ತೋಳಿಲ್ಲದ ಬ್ಲೌಸ್ ಅಲ್ಲೇ ಬಿಟ್ಟು ಮನೆ ಕಡೆ ಹೊರಟೆ.

ಯಾರನ್ನು ಬೈಯುವುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅಲ್ಲಿದ್ದವರು ಕೆಟ್ಟವರೇನಲ್ಲ. ನೀರು ಚಿಮುಕಿಸಿದ್ದಾರೆ, ನೆರಳಿಗೆ ಹಾಕಿದ್ದಾರೆ. ನಾವೆಲ್ಲ ಮಾಡುವುದೂ ಅಷ್ಟೇ ಅಲ್ಲವೇ? ಬಸ್ಸಿನಲ್ಲಿ, ರೇಷನ್ ಕ್ಯೂನಲ್ಲಿ, ಮದುವೆಯ ಅಡುಗೆಮನೆಯಲ್ಲಿ ಯಾರಾದರೂ ಕುಸಿದರೆ ಸ್ವಲ್ಪ ಪಕ್ಕಕ್ಕೆ ಸರಿಸುತ್ತೇವೆ. ಬಿದ್ದವಳು ಹೆಣ್ಣಾದರಂತೂ ಕಾರಣ ರೆಡಿ ಇರುತ್ತದೆ: ಬೆಳಿಗ್ಗೆ ತಿಂದಿರಲಿಕ್ಕಿಲ್ಲ. ಸುಧಾರಿಸಿಕೊಳ್ಳುತ್ತಾಳೆ ಬಿಡಿ. ಕ್ಯೂ ಮುಂದೆ ಹೋಗುತ್ತದೆ.

ಮರುದಿನ ನೆಟ್‌ನಲ್ಲಿ ಹುಡುಕಿದೆ. ಆ ಹುಡುಗಿ ಬದುಕಿದ್ದಳು. ಆಸ್ಪತ್ರೆಯಲ್ಲಿ ಎಚ್ಚರವಾಗಿದ್ದಾಳೆ, ಮಾತಾಡುತ್ತಿದ್ದಾಳೆ ಎಂದು ಬರೆದಿತ್ತು. ಚಪ್ಪಲಿ ಮೆಟ್ಟಿಕೊಂಡು ನೇರ ರೇಣುಕಮ್ಮನ ಮನೆಗೆ ಹೋದೆ.

ಕೇಳಿದವರೇ ಹೊಸ್ತಿಲ ಮೇಲೆ ಕುಸಿದು ಕೂತರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ಖುಷಿಗೋ, ಸಂಕಟಕ್ಕೋ, ನಾನು ಕೇಳಲಿಲ್ಲ. ಪಕ್ಕದಲ್ಲಿ ಕೂತೆ, ಅಷ್ಟೇ.

"ಅಕಿ ತಾಯಿ ಬಂದಾಳಂತೇನ್ರಿ?" ಎಂದರು ಕೊನೆಗೆ.

ಬಂದಿದ್ದಾಳೆ, ವಿಮಾನ ಹತ್ತಿ ಬಂದು ಮಗಳ ಹತ್ತಿರವೇ ಇದ್ದಾಳೆ ಎಂದೆ. ಅದೂ ಸುದ್ದಿಯಲ್ಲಿತ್ತು.

"ಚೊಲೊ ಆತು," ಎಂದು ಮುಖ ಒರೆಸಿಕೊಂಡರು. ನಾನು ಎದ್ದು ಅಂಗಳಕ್ಕೆ ಇಳಿದಾಗ ಹಿಂದಿನಿಂದ ಕರೆದು ಒಂದು ಮಾತು ಕೇಳಿದರು. ಅದನ್ನು ಹಾಗೇ ನಿಮ್ಮ ಮುಂದಿಡುತ್ತಿದ್ದೇನೆ.

"ಅವತ್ತು ನಮ್ಮವ್ರೂ ಒಂದ್ ಗಳಿಗಿ ಆಟ ನಿಲ್ಲಿಸಿದ್ರ, ಯಾರ ಗಂಟು ಹೋಗ್ತಿತ್ತು ಅಕ್ಕಾರ?"