ತಂತಿ ಕಂಪೆನಿಯದು, ಮಾತು ಅವರದು

ಮುಂಬಯಿಯ ಫೋರ್ಟಿನ ಖಾಸಗಿ ಕಚೇರಿಗಳಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕುಳಿತು ಬದುಕು ಸವೆಸಿದ ನೂರಾರು ಹೆಣ್ಣುಮಕ್ಕಳ ನಡುವೆ ಶ್ರೀಮತಿ ಶೀಲಾವತಿ ಅವರ ಹೆಸರನ್ನು ಅರಿಯದವರು ವಿರಳ. ತಮ್ಮ ವೃತ್ತಿಗೂ ಒಂದು ಮರ್ಯಾದೆಯಿದೆ ಎಂದು ಮೇಲಧಿಕಾರಿಯ ಮುಖಕ್ಕೆ ಹೇಳಿ, ಹೇಳಿದ್ದಕ್ಕಾಗಿ ಕೆಲಸ ಕಳೆದುಕೊಂಡು, ಅದೇ ಕುರ್ಚಿಗೆ ತಲೆಯೆತ್ತಿ ಮರಳಿದವರು ಅವರು. ಕಚೇರಿಯಲ್ಲಿ ನೌಕರನಾಡುವ ಖಾಸಗಿ ಮಾತಿಗೆ ರಕ್ಷಣೆ ಕೊಡುವ ಸ್ಪಷ್ಟವಾದ ಕಾನೂನು ನಮ್ಮಲ್ಲಿ ಇಂದಿಗೂ ಇಲ್ಲ. ಅಂಥದೊಂದು ಕಾನೂನು ಇದ್ದೇ ಇದೆಯೆಂಬಂತೆ ನಡೆದುಕೊಂಡ ಈ ಹಿರಿಯರನ್ನು, ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಮಾಟುಂಗದಲ್ಲಿ ಸೇರುವ ನಮ್ಮ ಆಪರೇಟರುಗಳ ಸಂಘ ಹೆಮ್ಮೆಯಿಂದ ಗೌರವಿಸುತ್ತಿದೆ.

ಕಾರ್ಕಳದ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದ ಶೀಲಾವತಿಯವರು, ಪತಿ ಮೋನಪ್ಪನವರು ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ದುಡಿಯುತ್ತಿದ್ದ ದಿನಗಳಲ್ಲಿ, ಕನ್ನಡದ ರಾತ್ರಿಶಾಲೆಯಲ್ಲಿ ಓದಿ ಇಂಗ್ಲಿಷು ಕಲಿತರು. ಬಳಿಕ ಫೋರ್ಟಿನ ಯಂತ್ರೋಪಕರಣಗಳ ಕಂಪೆನಿಯೊಂದರಲ್ಲಿ ಆಪರೇಟರ್ ಆದರು. ಬೋರ್ಡಿನಲ್ಲಿ ಒಂದು ಕೀಲಿಯನ್ನು ಹಾಗೆಯೇ ಒತ್ತಿ ಹಿಡಿದರೆ ಸಾಕು, ಇಬ್ಬರ ಮಾತು ಪೂರ್ತಿಯಾಗಿ ಕಿವಿಗೆ ಬೀಳುತ್ತದೆ. ಲೈನು ಸೇರಿದೊಡನೆ ಆ ಕೀಲಿ ಬಿಡುವುದನ್ನೇ ಅವರು ಹೊಸಬರಿಗೆ ಮೊದಲು ಕಲಿಸುತ್ತಿದ್ದರು. ಕಸ ಗುಡಿಸುವ ಬಸಲಿಂಗವ್ವನ ಮಗಳಿಗೆ ಸೊಲ್ಲಾಪುರದಲ್ಲಿ ಹೆರಿಗೆಯಾದಾಗ, ಟ್ರಂಕ್ ಕಾಲ್ ಹಚ್ಚಿ, ರಿಸೀವರನ್ನು ಆಕೆಯ ಕಿವಿಗೆ ಹಿಡಿಸಿ, ತಾವು ಎದ್ದು ವರಾಂಡಕ್ಕೆ ಹೋಗಿ ನಿಂತಿದ್ದರು.

ಅರವತ್ತೊಂಬತ್ತರ ಬೇಸಿಗೆ. ಕಂಪೆನಿ ಟೆಂಡರಿಗೆ ಹಾಕುವ ದರಗಳು ಎದುರಾಳಿಗಳಿಗೆ ಮೊದಲೇ ಗೊತ್ತಾಗತೊಡಗಿದ್ದವು. ರವಾನೆ ವಿಭಾಗದ ಗುಮಾಸ್ತ ಕಾಶಪ್ಪ ದಿನವೂ ಊಟದ ಬಿಡುವಿನಲ್ಲಿ ಎಲ್ಲಿಗೋ ಫೋನು ಮಾಡಿ, ಗೋಡೆಗೆ ಮುಖ ಮಾಡಿ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದುದು ಸಿಬ್ಬಂದಿ ಅಧಿಕಾರಿ ಬಸವಂತರಾಯರ ಕಣ್ಣಿಗೆ ಬಿತ್ತು. ಅವರು ಶೀಲಾವತಿಯವರನ್ನು ಕೋಣೆಗೆ ಕರೆಸಿದರು.

“ನೋಡ್ರಿ ಬಾಯಿ, ಫೋನು ಕಂಪನೀದು, ತಂತಿ ಕಂಪನೀದು, ನಿಮ್ಮ ಪಗಾರನೂ ಕಂಪನೀದು. ಅವ ಏನ್ ಮಾತಾಡ್ತಾನ, ಕೇಳಿ ನನಗ ಹೇಳ್ರಿ. ಅದರಾಗ ತಪ್ಪೇನೈತಿ?”

“ತಂತಿ ಕಂಪೆನಿಯದ್ದೇ ಸರ್. ಮಾತು ಅವರದ್ದು. ಲೈನ್ ಕೊಡುವುದು ನನ್ನ ಕೆಲಸ, ಕದ್ದು ಕೇಳುವುದು ಅಲ್ಲ.”

“ಇದು ಆರ್ಡರ್ ಐತ್ರಿ.”

“ಆರ್ಡರ್ ಆದರೂ ಆಗುವುದಿಲ್ಲ ಸರ್.”

ಅವರು ಹೊರಗೆ ಬಂದರು. ಬೋರ್ಡಿನ ಮುಂದೆ ಕುಳಿತು, ಕಾದಿದ್ದ ಕರೆಗಳನ್ನೆಲ್ಲ ಸೇರಿಸಿದರು.

ಸುದ್ದಿ ಯೂನಿಯನ್ನಿಗೆ ಮುಟ್ಟಿತು. ಕಾರ್ಯದರ್ಶಿ ಚೆನ್ನಯ ಸಂಭ್ರಮದಿಂದಲೇ ಬಂದರು. ಬಂದದ್ದು ಮಾತ್ರ ಇನ್ನೊಂದು ಬೇಡಿಕೆ ಹೊತ್ತು. ಬೋನಸ್ಸಿನ ಬಗ್ಗೆ ಡೈರೆಕ್ಟರರು ಏನು ತೀರ್ಮಾನಿಸುತ್ತಿದ್ದಾರೆ ಎಂದು ಅವರಿಗೆ ತಿಳಿಯಬೇಕಿತ್ತು.

“ಶೀಲಕ್ಕ, ದೊಡ್ಡ ಸಾಹೇಬರ ಲೈನಿಗೆ ಒಂದು ಸಲ ಕಿವಿ ಕೊಡಿ. ನಮ್ಮವರ ಹೊಟ್ಟೆಯ ಪ್ರಶ್ನೆ.”

“ಅದೂ ಆಗುವುದಿಲ್ಲ ಚೆನ್ನಯ.”

“ಹಾಗಾದರೆ ನೀವು ಯಾರ ಕಡೆ?”

“ಫೋನ್ ಎತ್ತಿದವರ ಕಡೆ.”

ಅಂದಿನಿಂದ ಎರಡೂ ಕಡೆಯವರು ಅವರೊಡನೆ ಮಾತು ಬಿಟ್ಟರು. ಮಧ್ಯಾಹ್ನದ ಡಬ್ಬಿಯನ್ನು ಅವರು ಒಬ್ಬರೇ ಬಿಚ್ಚಿ ಊಟ ಮಾಡಿದ ದಿನಗಳು ಅವು. ಆಜ್ಞೆ ಮೀರಿದ ಆರೋಪದ ಮೇಲೆ ಕಂಪೆನಿ ಅವರನ್ನು ಅಮಾನತು ಮಾಡಿ, ಒಳವಿಚಾರಣೆಗೆ ಕರೆಯಿತು.

ಎಲ್ಲಕ್ಕಿಂತ ಕಷ್ಟದ ಸಂಗತಿ ಬೇರೆಯೇ ಇತ್ತು. ಹಿಂದೊಮ್ಮೆ ಲೈನು ಕೆಟ್ಟು ಗೊರಗೊರ ಎಂದಾಗ, ಅದನ್ನು ಸರಿಪಡಿಸುವ ಭರದಲ್ಲಿ ಕಾಶಪ್ಪನ ಮಾತು ಅವರ ಕಿವಿಗೆ ಬಿದ್ದಿತ್ತು. ಅದು ಕಂಪೆನಿಗೆ ಸಂಬಂಧಪಟ್ಟದ್ದಲ್ಲ, ಅವನ ಮನೆಯ ನೋವು ಎಂದು ಅವರಿಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟರೆ ಅವನ ಮೇಲಿನ ಸಂಶಯವೂ ಕಳೆಯುತ್ತಿತ್ತು, ತಮ್ಮ ಕೆಲಸವೂ ಉಳಿಯುತ್ತಿತ್ತು. ಮನೆಯಲ್ಲಿ ಮೋನಪ್ಪನವರೂ ಅದನ್ನೇ ಹೇಳಿದರು: “ಒಂದು ಮಾತು ಹೇಳಿದರೆ ಮುಗಿಯಿತಲ್ಲ ಮಾರಾಯ್ತಿ. ಅವನಿಗೂ ಒಳ್ಳೆಯದೇ.”

“ಒಳ್ಳೆಯದೋ ಅಲ್ಲವೋ ಅವನೇ ನೋಡಿಕೊಳ್ಳಬೇಕು ಮಾರಾಯ್ರೆ. ನಾನಲ್ಲ.”

ವಿಚಾರಣೆಯ ದಿನ ಕಂಪೆನಿಯ ವಕೀಲರು, ಕಾಶಪ್ಪನ ಮಾತನ್ನು ಎಂದಾದರೂ ಕೇಳಿದ್ದುಂಟೇ ಎಂದು ಪ್ರಶ್ನಿಸಿದರು. ಇಲ್ಲ ಎಂದುಬಿಡುವುದು ಸುಲಭವಿತ್ತು.

“ಕೇಳಿದ್ದೇನೆ. ಏನೆಂದು ಹೇಳುವುದಿಲ್ಲ.”

ಸಾಕ್ಷಿಯಾಗಿ ಬಂದು ಮೂಲೆಯಲ್ಲಿ ಕುಳಿತಿದ್ದ ಕಾಶಪ್ಪ ತಡೆಯಲಾರದೆ ಎದ್ದುನಿಂತ. “ಬಾಯಾರ, ನನ್ನ ಸಲುವಾಗಿ ನಿಮ್ಮ ನೌಕರಿ ಹೋಗಬಾರದ್ರಿ. ನಾನೇ ಎಲ್ಲಾ ಹೇಳಿಬಿಡ್ತೀನ್ರಿ.”

ಶೀಲಾವತಿಯವರು ಅವನತ್ತ ತಿರುಗಿದರು. “ಕೂತುಕೊಳ್ಳಿ ಕಾಶಪ್ಪ. ಇವತ್ತು ನನಗೋಸ್ಕರ ನೀವು ಹೇಳಿದರೆ, ನಾಳೆ ಇಲ್ಲಿರುವ ಪ್ರತಿಯೊಬ್ಬರೂ ತಮ್ಮ ಮನೆಯ ಕತೆ ಇವರ ಮುಂದೆ ಬಿಚ್ಚಬೇಕಾಗ್ತದೆ. ಕೂತುಕೊಳ್ಳಿ.”

ಅವನು ಕುಳಿತ. ಅವರನ್ನು ಕೆಲಸದಿಂದ ತೆಗೆದರು.

ಅಚ್ಚರಿಯೆಂದರೆ, ಮೊಕದ್ದಮೆಯನ್ನು ಲೇಬರ್ ಕೋರ್ಟಿಗೆ ಒಯ್ದವರು ಅದೇ ಚೆನ್ನಯ. ವಿಚಾರಣೆಯ ಕೋಣೆಯಲ್ಲಿ ನಡೆದುದನ್ನು ಕಾಶಪ್ಪನ ಬಾಯಿಂದ ಕೇಳಿ, ಅವರು ನೇರವಾಗಿ ಮಾಟುಂಗದ ಚಾಳಿನಲ್ಲಿದ್ದ ಶೀಲಾವತಿಯವರ ಮನೆಗೆ ಬಂದಿದ್ದರು. “ನನಗೂ ನೀವು ಇಲ್ಲ ಅಂದಿರಲ್ಲ ಶೀಲಕ್ಕ, ಅದಕ್ಕೇ ನಿಮ್ಮನ್ನು ನಂಬಬಹುದು,” ಎಂದರಂತೆ. ಇತ್ತ ಕಂಪೆನಿ ಹೊಸ ಆಪರೇಟರಿಗಾಗಿ ಸಂದರ್ಶನ ನಡೆಸಿತು. ಕರೆಗಳನ್ನು ಆಲಿಸಬೇಕಾಗುತ್ತದೆ ಎಂಬ ಷರತ್ತು ಕೇಳಿದೊಡನೆ ಎದ್ದು ಬಂದವರಲ್ಲಿ ಮೊದಲಿಗಳು ಅಂಧೇರಿಯ ಸೇವಂತಿ, ಶೀಲಾವತಿಯವರಿಂದಲೇ ಬೋರ್ಡು ಕಲಿತವಳು. ಅವಳ ಹಿಂದೆ ಬಂದವರೂ ಒಬ್ಬೊಬ್ಬರಾಗಿ ಬೇಡವೆಂದರು. ನಮ್ಮ ಸಂಘ ಹುಟ್ಟಿದ್ದು ಆ ದಿನಗಳಲ್ಲಿ.

ದರಗಳು ಸೋರಿದ್ದು ಮೇಲಂತಸ್ತಿನ ಅಧಿಕಾರಿಯೊಬ್ಬರಿಂದ ಎಂದು ಮರುವರ್ಷ ಬಯಲಾಯಿತು. ಆದರೆ ಕೋರ್ಟು ಶೀಲಾವತಿಯವರ ಪರ ತೀರ್ಪು ಕೊಟ್ಟದ್ದು ಆ ಕಾರಣಕ್ಕಲ್ಲ. ಕದ್ದಾಲಿಸುವುದು ಆಪರೇಟರಿನ ಕರ್ತವ್ಯವಲ್ಲ, ಕರ್ತವ್ಯವಲ್ಲದ ಆಜ್ಞೆಯನ್ನು ಮೀರುವುದು ಅವಿಧೇಯತೆಯಲ್ಲ ಎಂದು ನ್ಯಾಯಾಧೀಶರು ಹೇಳಿದರು. ಮರಳಿ ಬಂದ ದಿನ ಬಸವಂತರಾಯರು ಬೋರ್ಡಿನ ಬಳಿ ನಿಂತು, “ಗೆದ್ದ್ರಿ ಬಾಯಿ,” ಎಂದಾಗ, “ನಿಮ್ಮ ಮಾತನ್ನೂ ನಾನು ಕೇಳುವುದಿಲ್ಲ ಸರ್, ಧೈರ್ಯವಾಗಿ ಫೋನ್ ಮಾಡಿ,” ಎಂದರಂತೆ.

ತುರ್ತುಪರಿಸ್ಥಿತಿಯ ದಿನಗಳಲ್ಲಿ, ಜನ ಫೋನಿನಲ್ಲಿ ಹವಾಮಾನವನ್ನಷ್ಟೇ ಮಾತಾಡುತ್ತಿದ್ದಾಗ, ಯಾರ್‍ಯಾರು ಏನು ಹೇಳುತ್ತಾರೆಂದು ವಿಚಾರಿಸಲು ಇಬ್ಬರು ಅಪರಿಚಿತರು ಕಚೇರಿಗೆ ಬಂದರು. ನ್ಯಾಯಾಲಯಗಳೇ ದನಿ ತಗ್ಗಿಸಿದ್ದ ಕಾಲ ಅದು. ಶೀಲಾವತಿಯವರು ಕುರ್ಚಿ ಕೊಟ್ಟರು, ಚಹಾ ತರಿಸಿದರು, ಒಂದು ಹೆಸರನ್ನೂ ಕೊಡಲಿಲ್ಲ.

ಈ ಅಭಿನಂದನ ಸಂಪುಟಕ್ಕಾಗಿ ಸಂಪಾದಕರು ಅವರನ್ನು ಕೇಳಿದರು: ಕಾಶಪ್ಪ ಈಗ ನಿವೃತ್ತನಾಗಿ ಊರು ಸೇರಿದ್ದಾನೆ, ಇಷ್ಟು ವರ್ಷ ಕಳೆದಿವೆ, ಆ ಮಾತು ಏನಿತ್ತೆಂದು ಈಗಲಾದರೂ ಬರೆಯಬಹುದಲ್ಲ? ಅವರು ನಕ್ಕರು. “ವರ್ಷ ಕಳೆದರೆ ಅವನ ಮಾತು ನನ್ನದಾಗ್ತದಾ?” ಆದುದರಿಂದ ಓದುಗರಿಗೆ ಅದು ಇಲ್ಲಿ ಸಿಗದು, ಸಿಗಬೇಕೆಂದು ಹಟ ಹಿಡಿಯುವ ಹಕ್ಕು ನಮಗೂ ಇಲ್ಲ.

ಮುಂದಿನ ತಿಂಗಳಿಂದ ಶೀಲಾವತಿಯವರು ರಾತ್ರಿಶಾಲೆಯ ಹೆಣ್ಣುಮಕ್ಕಳಿಗೆ ಬೋರ್ಡು ನಡೆಸುವುದನ್ನು ಕಲಿಸಲಿದ್ದಾರೆ. ದೇವರು ಅವರಿಗೆ ದೀರ್ಘಾಯುಷ್ಯವನ್ನೂ ಕುಂದದ ಆರೋಗ್ಯವನ್ನೂ ಕೊಡಲಿ. ಅವರ ಕೈಯಲ್ಲಿ ಕಲಿತ ಹುಡುಗಿಯರು ಈ ಊರಿನ ಕಚೇರಿ ಕಚೇರಿಗೂ ಹೋಗಿ ಕುಳಿತುಕೊಳ್ಳಲಿ, ಕೇಳಬಾರದ್ದನ್ನು ಕೇಳು ಎಂದವರಿಗೆ ನಿಂತು ಇಲ್ಲ ಎನ್ನಲಿ.